ಶ್ವಾಸಕೋಶದಲ್ಲಿ ಹುಳು ಸಿಕ್ಕ ಮಾತ್ರಕ್ಕೆ ಪೋರ್ಪಸ್ ಹುಳುವಿನಿಂದಲೇ ಸತ್ತಿತೆನ್ನಬಹುದೇ?

ಉತ್ತರಕಡಲು:

ಎಲ್ಲರಿಗೂ ನಮಸ್ಕಾರ. ನಾನು ಹೆಬ್ಬಾಳದಲ್ಲಿ ಓದಿದ ಪಶುವೈದ್ಯೆ. ಆರು ವರ್ಷಗಳಿಂದ ಜರ್ಮನಿಯ ಉತ್ತರ ಸಮುದ್ರದ ದಡದಲ್ಲಿ ಸತ್ತು ಬೀಳುವ ಕಡಲ ಸಸ್ತನಿಗಳ ಮರಣೋತ್ತರ ಪರೀಕ್ಷೆ ಮಾಡುವ ತಂಡದಲ್ಲಿದ್ದೇನೆ. ನಮ್ಮ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವು ಹಾರ್ಬರ್ ಪೋರ್ಪಸ್‌ಗಳು. ಇವು ಡಾಲ್ಫಿನ್ನಿನ ದಾಯಾದಿಗಳು. ಆದರೆ ಮೂತಿ ಮೊಂಡು, ಹಲ್ಲು ಚೂಪಾಗಿರದೆ ಸಣ್ಣ ಸಲಿಕೆಯಂತೆ ಚಪ್ಪಟೆ, ಬೆಳೆದ ಪ್ರಾಣಿಯ ಉದ್ದವೂ ಒಂದೂವರೆ ಮೀಟರಿನ ಆಸುಪಾಸು. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಬದುಕುವುದರಿಂದ ಮನುಷ್ಯರ ಬಲೆ, ಹಡಗು, ಕೊಳಚೆ ಎಲ್ಲಕ್ಕೂ ಮೊದಲು ಸಿಗುವುದು ಇವೇ.

ಕಳೆದ ವಾರ ಒಂದು ಎಳೆಯ ಗಂಡು ಬಂತು. ಉದ್ದ 117 ಸೆಂಟಿಮೀಟರ್, ತೂಕ 20 ಕಿಲೊ. ಅಳತೆಯಿಂದ ಊಹಿಸಿದರೆ ಹುಟ್ಟಿ ಎರಡು ವರ್ಷ ತುಂಬಿರಲಿಲ್ಲ. ಕುತ್ತಿಗೆಯ ಹಿಂಭಾಗ ತಗ್ಗಾಗಿತ್ತು, ಬೆನ್ನಿನ ಸ್ನಾಯು ಕರಗಿ ಬೆನ್ನೆಲುಬಿನ ಎರಡು ಬದಿಯೂ ಇಳಿಜಾರಾಗಿತ್ತು. ಶ್ವಾಸಕೋಶವನ್ನು ಹೊರತೆಗೆದು ಮೇಜಿನ ಮೇಲಿಟ್ಟು ಬೆರಳಾಡಿಸಿದಾಗ ಸ್ಪಂಜಿನಂತೆ ಮೆತ್ತಗೆ ಇರಬೇಕಾದ ಅಂಗದೊಳಗೆ ಕಡಲೆಬೇಳೆಯಷ್ಟು ದೊಡ್ಡ ಗಂಟುಗಳು ಕೈಗೆ ಹತ್ತಿದವು. ಶ್ವಾಸನಾಳದ ಉದ್ದಕ್ಕೂ ಕತ್ತರಿ ಆಡಿಸಿ ಬಿಡಿಸಿದೆ. ಒಳಗೆ ಬಿಳಿಯ ಹುಳುಗಳು ಒಂದಕ್ಕೊಂದು ಹೆಣೆದುಕೊಂಡು, ಬೇಯಿಸಿದ ಶ್ಯಾವಿಗೆಯನ್ನು ಕೊಳವೆಯಲ್ಲಿ ತುರುಕಿದಂತೆ ತುಂಬಿಕೊಂಡಿದ್ದವು. ಕೆಲವು ಹುಳುಗಳ ಅರ್ಧ ದೇಹ ಶ್ವಾಸನಾಳದಲ್ಲಿ, ಇನ್ನರ್ಧ ಪಕ್ಕದ ರಕ್ತನಾಳದಲ್ಲಿತ್ತು. ಹೃದಯದ ಬಲ ಕುಹರವನ್ನು ತೆರೆದಾಗ ಅಲ್ಲಿಯೂ ಒಂದು ಸಿಕ್ಕಿತು. ಇದು ಸ್ಯೂಡೇಲಿಯಸ್ ಇನ್‌ಫ್ಲೆಕ್ಸಸ್ ಎಂಬ ಶ್ವಾಸಕೋಶದ ಹುಳು. ಸಣ್ಣ ನಾಳಗಳಲ್ಲಿ ಟೊರಿನ್ಯೂರಸ್ ಕನ್ವಲ್ಯೂಟಸ್ ಎಂಬ ಇನ್ನೊಂದು ಜಾತಿ, ಗಂಟುಗಳೊಳಗೆ ಹ್ಯಾಲೊಸರ್ಕಸ್ ಎಂಬ ಮೂರನೆಯದು.

ಪರೀಕ್ಷೆಯನ್ನು ನೋಡಲು ಬಂದಿದ್ದ ಹುಡುಗನೊಬ್ಬ, ‘ಹಾಗಾದರೆ ಇದನ್ನು ಹುಳುವೇ ಕೊಂದಿದೆ, ಅಲ್ಲವೇ?’ ಎಂದು ಕೇಳಿದ. ನಾನು ತಕ್ಷಣ ಹೌದೆನ್ನಲಿಲ್ಲ. ಏಕೆಂದರೆ ಅದರ ಹಿಂದಿನ ದಿನವಷ್ಟೇ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತ ಒಂದು ಹೆಣ್ಣನ್ನು ಕೊಯ್ದಿದ್ದೆ. ಅದರ ಶ್ವಾಸಕೋಶದಲ್ಲಿಯೂ ಇದೇ ಹುಳುಗಳಿದ್ದವು, ಕಡಿಮೆಯೇನೂ ಇರಲಿಲ್ಲ. ಆದರೆ ಅದರ ಕೊಬ್ಬಿನ ಪದರ ಎರಡೂವರೆ ಸೆಂಟಿಮೀಟರ್ ದಪ್ಪವಿತ್ತು, ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಮೀನು ತುಂಬಿತ್ತು. ಸಾಯುವ ಗಳಿಗೆಯವರೆಗೂ ಅದು ಚೆನ್ನಾಗಿ ಬೇಟೆಯಾಡುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಒಂದೇ ಬಗೆಯ ಹುಳು ಒಂದರಲ್ಲಿ ಬದುಕಿನ ಭಾಗವಾಗಿದ್ದು, ಇನ್ನೊಂದರಲ್ಲಿ ಸಾವಿನ ದಾರಿಯಾಗುವುದು ಹೇಗೆ? ಸೋಂಕು ಎಲ್ಲಿ ಮುಗಿದು ರೋಗ ಎಲ್ಲಿ ಆರಂಭವಾಗುತ್ತದೆ? ಪಶುವೈದ್ಯರು, ಮೀನುಗಾರರು, ಜೀವಶಾಸ್ತ್ರ ಓದಿದವರು ಇಲ್ಲಿ ಅನೇಕರಿದ್ದೀರಿ. ನಿಮ್ಮ ಅಭಿಪ್ರಾಯ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಗದ್ದೆಹಾದಿ:

ಮೇಡಂ, ನಾನು ಮಲೆನಾಡಿನಲ್ಲಿ ಇಪ್ಪತ್ತೆರಡು ವರ್ಷ ದನ ಕುರಿಗಳನ್ನು ನೋಡಿಕೊಂಡು ಬಂದವನು. ನಿಮ್ಮ ಪ್ರಶ್ನೆ ನಮ್ಮ ಕೊಟ್ಟಿಗೆಯ ಪ್ರಶ್ನೆಯೂ ಹೌದು. ಗದ್ದೆಯ ಅಂಚಿನಲ್ಲಿ ಮೇಯುವ ಎಮ್ಮೆಗಳ ಯಕೃತ್ತನ್ನು ಪರೀಕ್ಷಿಸಿದರೆ ಚಪ್ಪಟೆ ಹುಳು ಸಿಗದಿರುವುದೇ ಅಪರೂಪ. ಹಾಗೆಂದು ಅವೆಲ್ಲ ರೋಗಿಗಳಲ್ಲ. ಮಂದೆಯಲ್ಲಿ ನೂರು ಕುರಿಗಳಿದ್ದರೆ ಒಟ್ಟು ಹುಳುಗಳ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಆದ್ದರಿಂದ ನಾವು ‘ಹುಳು ಇದೆಯೇ’ ಎಂದು ಕೇಳುವುದಿಲ್ಲ. ಹುಳುವಿನ ಹೊರೆ ಎಷ್ಟು, ಪ್ರಾಣಿ ತಿನ್ನುತ್ತಿದೆಯೇ, ಕಣ್ಣಿನ ರೆಪ್ಪೆ ಬಿಳಿಚಿದೆಯೇ ಎಂದು ಕೇಳುತ್ತೇವೆ.

ಕರುಗಳ ಶ್ವಾಸಕೋಶದಲ್ಲಿ ಬರುವ ಡಿಕ್ಟಿಯೊಕಾಲಸ್ ಹುಳು ಮೊದಲ ಮೇವಿನ ಕಾಲದಲ್ಲಿ ಕೆಮ್ಮು ಹಿಡಿಸಿ ಕೊಲ್ಲಲೂಬಹುದು. ಆದರೆ ಒಮ್ಮೆ ಬದುಕುಳಿದ ಕರುವಿಗೆ ಗಟ್ಟಿಯಾದ ಪ್ರತಿರೋಧ ಬರುತ್ತದೆ. ಪೋರ್ಪಸ್‌ಗಳಲ್ಲಿ ಹಾಗೆ ಆಗುವುದಿಲ್ಲವೇ? ಇನ್ನೊಂದು ಸಂದೇಹವೂ ಇದೆ. ಕರು ಹುಲ್ಲಿನ ಮೇಲಿನ ಮರಿಹುಳುವನ್ನು ನೇರವಾಗಿ ತಿನ್ನುತ್ತದೆ. ಹಂದಿಯ ಶ್ವಾಸಕೋಶದ ಹುಳು ಮಾತ್ರ ಎರೆಹುಳುವಿನ ಮೂಲಕ ಬರುತ್ತದೆ. ಕಡಲಿನಲ್ಲಿ ಹುಲ್ಲೂ ಇಲ್ಲ, ಎರೆಹುಳುವೂ ಇಲ್ಲ. ಈ ಹುಳು ಪೋರ್ಪಸ್‌ನ ಒಳಗೆ ಹೋಗುವುದು ಯಾವ ದಾರಿಯಲ್ಲಿ?

ಉತ್ತರಕಡಲು:

ಸರ್, ಹಂದಿಯ ಉದಾಹರಣೆ ತೆಗೆದದ್ದು ಒಳ್ಳೆಯದಾಯಿತು, ಏಕೆಂದರೆ ಪೋರ್ಪಸ್‌ನ ಶ್ವಾಸಕೋಶದ ಹುಳುಗಳು ಹಂದಿಯ ಹುಳುವಿರುವ ಮಹಾಕುಟುಂಬಕ್ಕೇ ಸೇರಿದವು. ಅಲ್ಲಿ ಎರೆಹುಳು ಮಾಡುವ ಕೆಲಸವನ್ನು ಇಲ್ಲಿ ಮೀನು ಮಾಡುತ್ತದೆ ಎಂದು ಬಹಳ ಕಾಲ ಊಹೆಯಿತ್ತು. ಉತ್ತರ ಸಮುದ್ರದ ಡ್ಯಾಬ್ ಎಂಬ ಚಪ್ಪಟೆ ಮೀನಿನಲ್ಲಿ ಈ ಕುಟುಂಬದ ಮರಿಹುಳುಗಳು ಸಿಕ್ಕವೆಂದು, ತಳಿಪರೀಕ್ಷೆಯಿಂದ ಗುರುತಿಸಿ 2010ರಲ್ಲಿ ಪ್ರಕಟವಾಯಿತು. ಡ್ಯಾಬ್ ಎಂದರೆ ನಮ್ಮ ಕರಾವಳಿಯ ನಂಗಿನಂತೆ ಮರಳಿಗೆ ಅಂಟಿಕೊಂಡು ಮಲಗುವ ಮೀನು. ಶ್ವಾಸಕೋಶದಲ್ಲಿ ಹುಟ್ಟುವ ಮರಿಹುಳುಗಳು ಕಫದೊಂದಿಗೆ ಗಂಟಲಿಗೆ ಬಂದು, ನುಂಗಲ್ಪಟ್ಟು, ಮಲದ ಮೂಲಕ ನೀರಿಗೆ ಸೇರುತ್ತವೆ. ತಳದಲ್ಲಿ ಬದುಕುವ ಮೀನಿಗೆ ಅವು ತಲುಪುವುದು ಸುಲಭ.

ವಯಸ್ಸಿನೊಂದಿಗೆ ಈ ಕಥೆ ಹೊಂದಿಕೊಳ್ಳುತ್ತದೆ. ಪೋರ್ಪಸ್ ಮರಿಗಳು ಇಲ್ಲಿ ಬೇಸಗೆಯಲ್ಲಿ ಹುಟ್ಟುತ್ತವೆ, ಎಂಟು ಹತ್ತು ತಿಂಗಳು ಹಾಲು ಕುಡಿಯುತ್ತವೆ. ಹಾಲು ಕುಡಿಯುವ ಮರಿಯ ಶ್ವಾಸಕೋಶ ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ. ಮೀನು ತಿನ್ನಲು ಕಲಿತ ಮೇಲೆ ಹುಳು ಬರುತ್ತದೆ, ಎರಡನೆಯ ವರ್ಷದಿಂದಾಚೆಗೆ ಹುಳುವಿಲ್ಲದ ಪ್ರಾಣಿಯೇ ಅಪರೂಪ. ಹ್ಯಾಲೊಸರ್ಕಸ್ ಗುಂಪಿನ ಹುಳುಗಳು ಮಾತ್ರ ಬಾಟಲ್‌ನೋಸ್ ಡಾಲ್ಫಿನ್ನಿನ ನವಜಾತ ಮರಿಗಳಲ್ಲಿಯೂ ಸಿಕ್ಕಿವೆ, ಅಂದರೆ ಅವು ತಾಯಿಯ ಗರ್ಭದಲ್ಲಿಯೇ ದಾಟಬಲ್ಲವು.

ಪ್ರತಿರೋಧದ ವಿಷಯದಲ್ಲಿ ಪೋರ್ಪಸ್ ಕರುವಿನಂತಲ್ಲ. ಹತ್ತು ವರ್ಷದ ಪ್ರಾಣಿಯಲ್ಲಿಯೂ ಜೀವಂತ ಹುಳು ಇರುತ್ತದೆ. ಪಕ್ಕದಲ್ಲಿಯೇ ಸತ್ತು ಸುಣ್ಣಗಟ್ಟಿದ ಹಳೆಯ ಹುಳುಗಳ ಗಂಟೂ ಇರುತ್ತದೆ. ಚಾಕು ತಾಗಿದರೆ ಮರಳಿನಂತೆ ಕರಕರ ಎನ್ನುತ್ತದೆ. ಹೋರಾಟ ನಡೆಯುತ್ತಲೇ ಇರುತ್ತದೆ, ಆದರೆ ಯಾವ ಪಕ್ಷವೂ ಪೂರ್ತಿ ಗೆಲ್ಲುವುದಿಲ್ಲ.

ಹೊನ್ನಾವರದ_ದೋಣಿ:

ನಮ್ಮದು ಮೂರು ತಲೆಮಾರಿನ ಮೀನುಗಾರರ ಮನೆ. ನಮ್ಮ ಕಡಲಿನಲ್ಲಿರುವುದು ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ಪೋರ್ಪಸ್. ಗಿಲ್‌ನೆಟ್‌ನಲ್ಲಿ ಯಾವಾಗಲಾದರೂ ಸಿಕ್ಕಿ ಸತ್ತಿರುತ್ತದೆ, ದಡಕ್ಕೂ ಬಂದು ಬೀಳುತ್ತದೆ. ಅರಣ್ಯ ಇಲಾಖೆಯವರಿಗೆ ತಿಳಿಸುತ್ತೇವೆ, ಅವರು ಬಂದು ಹೂಳಿಸುತ್ತಾರೆ. ಅದರ ಒಳಗೆ ಏನಿತ್ತೆಂದು ನಮಗೆ ಯಾರೂ ಹೇಳಿಲ್ಲ.

ನನ್ನ ಪ್ರಶ್ನೆ ಬೇರೆ. ದೊಡ್ಡ ಮೀನನ್ನು ಶುಚಿಮಾಡುವಾಗ ಕರುಳಿನ ಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಸಣ್ಣ ಹುಳುಗಳನ್ನು ನನ್ನ ಅಮ್ಮ ಎಷ್ಟೋ ಬಾರಿ ತೋರಿಸಿದ್ದಾರೆ. ಮೀನಿನಿಂದಲೇ ಪೋರ್ಪಸ್‌ಗೆ ಹುಳು ಬರುವುದಾದರೆ ಅದೇ ಮೀನು ತಿನ್ನುವ ನಮಗೆ ಏನೂ ಆಗುವುದಿಲ್ಲವೇ?

ಉತ್ತರಕಡಲು:

ಅಣ್ಣ, ಬಹಳ ಸರಿಯಾದ ಪ್ರಶ್ನೆ. ಶ್ವಾಸಕೋಶದ ಹುಳುವಿನಿಂದ ಮನುಷ್ಯರಿಗೆ ಭಯವಿಲ್ಲ. ಅಮ್ಮ ತೋರಿಸಿದಂತೆ ಸುತ್ತಿಕೊಂಡಿರುವ ಹುಳುಗಳು ಸಾಮಾನ್ಯವಾಗಿ ಅನಿಸಾಕಿಸ್ ಮತ್ತು ಅದರ ಬಳಗದ ಮರಿಹುಳುಗಳು. ಅನಿಸಾಕಿಸ್‌ಗೆ ನಿಜವಾದ ಮನೆ ತಿಮಿಂಗಿಲ, ಡಾಲ್ಫಿನ್, ಪೋರ್ಪಸ್‌ಗಳ ಹೊಟ್ಟೆ. ಅಲ್ಲಿ ಬೆಳೆದು ಮೊಟ್ಟೆಯಿಡುತ್ತದೆ. ಮೊಟ್ಟೆ ನೀರಿಗೆ ಬಿದ್ದು, ಮರಿಹುಳು ಸೀಗಡಿಯಂಥ ಸಣ್ಣ ಜೀವಿಗಳೊಳಗೆ ಹೋಗಿ, ಅವನ್ನು ತಿಂದ ಮೀನಿನೊಳಗೆ ಸೇರಿ, ಆ ಮೀನನ್ನು ತಿನ್ನುವ ಸಸ್ತನಿಗಾಗಿ ಕಾಯುತ್ತದೆ. ಮನುಷ್ಯ ಅದಕ್ಕೆ ತಪ್ಪು ವಿಳಾಸ. ಹಸಿ ಮೀನಿನೊಂದಿಗೆ ಜೀವಂತವಾಗಿ ಒಳಹೊಕ್ಕರೆ ಹೊಟ್ಟೆಯ ಗೋಡೆಯನ್ನು ಕೊರೆಯಲು ನೋಡುತ್ತದೆ, ತೀವ್ರ ನೋವಾಗುತ್ತದೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಹಸಿ ಹೆರಿಂಗ್ ತಿನ್ನುವ ನೆದರ್‌ಲ್ಯಾಂಡ್ಸ್‌ನಲ್ಲಿ ಈ ಕಾಯಿಲೆ ಕಾಣಿಸಿಕೊಂಡ ಮೇಲೆ 1968ರಲ್ಲಿ ಆ ಮೀನನ್ನು ಮೊದಲು ಹೆಪ್ಪುಗಟ್ಟಿಸಲೇಬೇಕೆಂದು ಕಾನೂನು ಬಂತು. ಇಂದು ಯುರೋಪಿನಲ್ಲಿ ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಇಡಬೇಕು. 60 ಡಿಗ್ರಿಗಿಂತ ಹೆಚ್ಚು ಬಿಸಿ ಮೀನಿನ ನಡುಭಾಗಕ್ಕೆ ಒಂದು ನಿಮಿಷ ತಾಗಿದರೂ ಹುಳು ಸಾಯುತ್ತದೆ. ನಮ್ಮ ಮನೆಗಳಲ್ಲಿ ಮಸಾಲೆಯೊಂದಿಗೆ ಕುದಿಸಿದ ಸಾರಿನಲ್ಲಿ ಅದು ಉಳಿಯುವುದಿಲ್ಲ. ಅಲರ್ಜಿ ಇರುವವರು ಮಾತ್ರ ಎಚ್ಚರದಿಂದಿರಬೇಕು. ಮೀನು ತಂದ ಕೂಡಲೇ ಕರುಳು ತೆಗೆಯುವ ಅಮ್ಮನ ಪದ್ಧತಿ ಬಹಳ ಒಳ್ಳೆಯದು.

ಪೋರ್ಪಸ್‌ನ ಮೊದಲ ಹೊಟ್ಟೆಕೋಣೆಯಲ್ಲಿ ಅನಿಸಾಕಿಸ್ ಗೊಂಚಲುಗಟ್ಟಿ ಕುಳಿತಿರುತ್ತದೆ. ನಾನು ಕೊಯ್ದ ಗಂಡಿನಲ್ಲಿ ಎರಡು ಹುಣ್ಣುಗಳಿದ್ದವು, ಒಂದೊಂದೂ ಒಂದು ರೂಪಾಯಿ ನಾಣ್ಯದಷ್ಟು. ಅಂಚು ಉಬ್ಬಿ, ನಡುವೆ ಹಳ್ಳವಾಗಿ, ಹಳ್ಳದೊಳಗೆ ಹತ್ತಿಪ್ಪತ್ತು ಹುಳುಗಳು ತಲೆ ಹೂತು ಬಾಲ ಹೊರಗೆ ಬಿಟ್ಟಿದ್ದವು. ಯಕೃತ್ತಿನಲ್ಲಿ ಕ್ಯಾಂಪುಲಾ ಆಬ್ಲಾಂಗಾ ಎಂಬ ಚಪ್ಪಟೆ ಹುಳು. ಗದ್ದೆಹಾದಿ ಸರ್ ಎಮ್ಮೆಯಲ್ಲಿ ನೋಡಿರುವ ಬದಲಾವಣೆಯೇ ಇಲ್ಲಿಯೂ ಇತ್ತು: ಪಿತ್ತನಾಳಗಳ ಗೋಡೆ ದಪ್ಪಗಟ್ಟಿ, ಅಡ್ಡಕೊಯ್ದರೆ ಪಪ್ಪಾಯಿ ಎಲೆಯ ದಂಟಿನಂತೆ ಟೊಳ್ಳಾಗಿ ನಿಂತಿದ್ದವು. ಒತ್ತಿದಾಗ ಹಸಿರು ಪಿತ್ತದೊಂದಿಗೆ ಹುಳುಗಳು ಜಾರಿ ಬಂದವು.

ಸಂಖ್ಯಾರೇಖೆ:

ನಾನು ಪ್ರಾಣಿಶಾಸ್ತ್ರದವನಲ್ಲ, ಸಂಖ್ಯಾಶಾಸ್ತ್ರ ಕಲಿಸುವವನು. ಒಂದು ಆಕ್ಷೇಪ ಹೇಳಬೇಕಾಗಿದೆ. ದಡಕ್ಕೆ ಬಂದ ಶವಗಳನ್ನು ಮಾತ್ರ ನೋಡಿದರೆ ಕಡಲಿನಲ್ಲಿರುವ ಪ್ರಾಣಿಗಳ ಆರೋಗ್ಯ ತಿಳಿಯುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಊರಿನ ಆರೋಗ್ಯ ಲೆಕ್ಕ ಹಾಕಿದಂತಾಗುತ್ತದೆ. ರೋಗದಿಂದ ನಿಧಾನವಾಗಿ ಸೊರಗಿದವು ದಡದ ಹತ್ತಿರ ಬಂದು ಸಾಯುವ ಸಾಧ್ಯತೆ ಹೆಚ್ಚಿರಬಹುದು. ಬಲೆಗೆ ಸಿಕ್ಕವುಗಳೊಂದಿಗೆ ಹೋಲಿಸದೆ ಹುಳುವಿನ ಪಾತ್ರದ ಬಗ್ಗೆ ಏನನ್ನಾದರೂ ಹೇಳುವುದು ಸರಿಯೇ?

ಉತ್ತರಕಡಲು:

ನೀವು ಹೇಳಿದ ಹೋಲಿಕೆಯ ಮೇಲೆಯೇ ಈ ಕ್ಷೇತ್ರದ ಒಂದು ಮುಖ್ಯವಾದ ಕೆಲಸ ನಿಂತಿದೆ. ಬ್ರಿಟನ್ನಿನಲ್ಲಿ 1990ರಿಂದ ದಡಕ್ಕೆ ಬಿದ್ದ ತಿಮಿಂಗಿಲ, ಡಾಲ್ಫಿನ್, ಪೋರ್ಪಸ್‌ಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸುತ್ತಾ ಬಂದಿದ್ದಾರೆ. ಪಾಲ್ ಜೆಪ್ಸನ್ ಮತ್ತು ಸಂಗಡಿಗರು 1999ರಲ್ಲಿ ಎರಡು ಗುಂಪುಗಳನ್ನು ಹೋಲಿಸಿದರು. ಬಲೆಯಂಥ ಪೆಟ್ಟಿನಿಂದ ಹಠಾತ್ತಾಗಿ ಸತ್ತ 34 ಪೋರ್ಪಸ್‌ಗಳು ಒಂದು ಕಡೆ. ಹುಳು, ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್ ಇವುಗಳ ಸೋಂಕಿನಿಂದ ಸತ್ತ 33 ಇನ್ನೊಂದು ಕಡೆ. ಕೊಬ್ಬಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಎಷ್ಟಿದೆ ಎಂದು ಅಳೆದಾಗ ಮೊದಲ ಗುಂಪಿನಲ್ಲಿ ಕಿಲೊ ಕೊಬ್ಬಿಗೆ ಸರಾಸರಿ ಸುಮಾರು 14 ಮಿಲಿಗ್ರಾಂ, ಎರಡನೆಯದರಲ್ಲಿ ಸುಮಾರು 31 ಮಿಲಿಗ್ರಾಂ ಇತ್ತು. ಸೊರಗಿದ ಪ್ರಾಣಿಯ ಕೊಬ್ಬು ಕರಗಿದಾಗ ಉಳಿದ ಕೊಬ್ಬಿನಲ್ಲಿ ವಿಷ ಸಾಂದ್ರವಾಗಿ ಕಾಣಬಹುದೆಂಬ ಆಕ್ಷೇಪವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು, ಆದರೂ ವ್ಯತ್ಯಾಸ ಉಳಿಯಿತು.

ಪಿಸಿಬಿಗಳು ಪ್ರತಿರೋಧ ಶಕ್ತಿಯನ್ನು ಕುಗ್ಗಿಸುತ್ತವೆ. ಯುರೋಪಿನಲ್ಲಿ 1980ರ ದಶಕದಲ್ಲಿಯೇ ಇವುಗಳ ಬಳಕೆಗೆ ತಡೆ ಬಿದ್ದಿದ್ದರೂ ಹಳೆಯ ಟ್ರಾನ್ಸ್‌ಫಾರ್ಮರ್, ಕಟ್ಟಡ, ಕಸದ ಗುಂಡಿಗಳಿಂದ ಇಂದಿಗೂ ಕಡಲಿಗೆ ಸೋರುತ್ತಿವೆ. ಕೊಬ್ಬಿನಲ್ಲಿ ಕರಗುವುದರಿಂದ ತಾಯಿಯ ದೇಹದಲ್ಲಿ ಸೇರಿದ್ದರ ದೊಡ್ಡ ಪಾಲು ಹಾಲಿನ ಮೂಲಕ ಚೊಚ್ಚಲ ಮರಿಗೆ ಹೋಗುತ್ತದೆ. ಆ ಮರಿ ಹಾಲು ಬಿಟ್ಟು ಮೀನು ಹಿಡಿಯಲು ಕಲಿಯುವ ಹೊತ್ತಿಗೆ ಹುಳುವೂ ಬರುತ್ತದೆ. ವಿಷದ ಹೊರೆ, ಹುಳುವಿನ ಹೊರೆ, ಹೊಸದಾಗಿ ಕಲಿಯುತ್ತಿರುವ ಬೇಟೆ, ಈ ಮೂರೂ ಒಂದೇ ವರ್ಷದಲ್ಲಿ ಒಂದೇ ದೇಹದ ಮೇಲೆ ಬೀಳುತ್ತವೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು ಹೋಲಿಕೆಯೂ ಇದೆ. ಐಸ್‌ಲ್ಯಾಂಡ್, ನಾರ್ವೆ ಕಡೆಯ ನೀರಿನಲ್ಲಿ ಬಲೆಗೆ ಸಿಕ್ಕ ಪೋರ್ಪಸ್‌ಗಳಲ್ಲಿಯೂ ಶ್ವಾಸಕೋಶದ ಹುಳುಗಳಿವೆ. ಆದರೆ ಜರ್ಮನಿಯ ಪ್ರಾಣಿಗಳಲ್ಲಿ ಕಾಣುವಷ್ಟು ತೀವ್ರವಾದ ಬ್ಯಾಕ್ಟೀರಿಯಾ ನ್ಯುಮೋನಿಯ ಅಲ್ಲಿ ಕಂಡುಬರಲಿಲ್ಲ. ಅವೆಲ್ಲ ಬಲೆಯವು, ಇಲ್ಲಿಯವುಗಳಲ್ಲಿ ದಡದವೂ ಸೇರಿವೆ. ನಿಮ್ಮ ಆಕ್ಷೇಪ ಇಲ್ಲಿ ಪೂರ್ತಿ ಅನ್ವಯಿಸುತ್ತದೆ. ಆದ್ದರಿಂದ ಇದನ್ನು ಸೂಚನೆಯೆಂದು ಮಾತ್ರ ತೆಗೆದುಕೊಳ್ಳುತ್ತೇನೆ.

ಸಂಖ್ಯಾರೇಖೆ:

ಧನ್ಯವಾದ. ಎರಡು ಗುಂಪುಗಳ ಹೋಲಿಕೆ ಒಪ್ಪುವಂಥದ್ದು. ಆದರೂ ಪಿಸಿಬಿ ಹೆಚ್ಚಿದ್ದರಿಂದ ಸೋಂಕು ಬಂತು ಎನ್ನುವುದಕ್ಕೂ ಎರಡೂ ಜೊತೆಯಲ್ಲಿ ಕಂಡವು ಎನ್ನುವುದಕ್ಕೂ ಇರುವ ಅಂತರವನ್ನು ಓದುಗರು ಗಮನದಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಮಂಗಳೂರು_ವಿದ್ಯಾರ್ಥಿನಿ:

ಅಕ್ಕ, ಪೋರ್ಪಸ್‌ಗಳ ಕಿವಿಯಲ್ಲಿಯೂ ಹುಳು ಇರುತ್ತದೆ, ಅದರಿಂದ ಕಿವುಡಾಗಿ ದಾರಿ ತಪ್ಪಿ ದಡಕ್ಕೆ ಬರುತ್ತವೆ ಎಂದು ಎಲ್ಲೋ ಓದಿದ್ದೆ. ಅದು ನಿಜವೇ?

ಉತ್ತರಕಡಲು:

ಹುಳು ಇರುವುದು ನಿಜ, ಉಳಿದದ್ದು ಸಾಬೀತಾಗಿಲ್ಲ. ಅದರ ಹೆಸರು ಸ್ಟೆನ್ಯೂರಸ್ ಮೈನರ್. ಪೋರ್ಪಸ್‌ನ ಕಿವಿಯ ಮೂಳೆ ನಮ್ಮಂತೆ ತಲೆಬುರುಡೆಗೆ ಬೆಸೆದುಕೊಂಡಿಲ್ಲ. ಗಾಳಿ ತುಂಬಿದ ಕುಹರಗಳ ನಡುವೆ ತಂತುಗಳಲ್ಲಿ ತೂಗಿಕೊಂಡಂತಿರುತ್ತದೆ. ಪೋರ್ಪಸ್ ಸುಮಾರು 130 ಕಿಲೊಹರ್ಟ್ಸ್‌ನ ಕ್ಲಿಕ್ ಸದ್ದು ಮಾಡಿ, ಅದರ ಮಾರ್ದನಿಯನ್ನು ಕೆಳದವಡೆಯ ಕೊಬ್ಬಿನ ಮೂಲಕ ಕೇಳಿಸಿಕೊಂಡು ಬೇಟೆಯನ್ನು ಗುರುತಿಸುತ್ತದೆ. ಆ ಕುಹರಗಳಲ್ಲಿ ಈ ಹುಳುಗಳು ನೂರಾರು, ಕೆಲವೊಮ್ಮೆ ಸಾವಿರಾರು ಇರುತ್ತವೆ. ಮೊದಲ ಬಾರಿ ನೋಡಿದಾಗ ಈ ಪ್ರಾಣಿ ಏನನ್ನಾದರೂ ಕೇಳಿಸಿಕೊಳ್ಳುತ್ತಿತ್ತೇ ಎಂದು ನಾನೂ ಬೆರಗಾಗಿದ್ದೆ. ಆದರೆ ಬಲೆಗೆ ಸಿಕ್ಕ, ಹೊಟ್ಟೆ ತುಂಬಾ ಮೀನಿದ್ದ ಪ್ರಾಣಿಗಳಲ್ಲಿಯೂ ಅಷ್ಟೇ ಹುಳುಗಳಿರುತ್ತವೆ. 2016ರಲ್ಲಿ ಡೆನ್ಮಾರ್ಕಿನಲ್ಲಿ ಪೋರ್ಪಸ್‌ಗಳ ಬೆನ್ನಿಗೆ ಸದ್ದು ದಾಖಲಿಸುವ ಉಪಕರಣ ಅಂಟಿಸಿ ನೋಡಿದವರು ಅವು ಗಂಟೆಗೆ 550ರವರೆಗೆ ಸಣ್ಣ ಮೀನುಗಳನ್ನು ಬೆನ್ನಟ್ಟುತ್ತವೆಂದೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬಾರಿ ಹಿಡಿಯುತ್ತವೆಂದೂ ಕಂಡರು. ಅಂಥ ಬೇಟೆ ಕಿವುಡು ಪ್ರಾಣಿಗೆ ಸಾಧ್ಯವಿಲ್ಲ. ಹುಳು ಒಳಗಿವಿಯನ್ನೇ ಹೊಕ್ಕ ಪ್ರಕರಣಗಳೂ ವರದಿಯಾಗಿವೆ, ಆದರೆ ಅವು ವಿರಳ.

ಕಿವಿಯ ವಿಷಯದಲ್ಲಿ ಅವಸರದ ತೀರ್ಮಾನ ಏಕೆ ಅಪಾಯವೆಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. 2019ರ ಆಗಸ್ಟ್ ಕೊನೆಯಲ್ಲಿ ಬಾಲ್ಟಿಕ್ ಸಮುದ್ರದ ಫೆಮರ್ನ್ ಬೆಲ್ಟ್‌ನಲ್ಲಿ ಎರಡನೆಯ ಮಹಾಯುದ್ಧದ 42 ಬ್ರಿಟಿಷ್ ಸಿಡಿಗುಂಡುಗಳನ್ನು ನೀರಿನೊಳಗೇ ಸ್ಫೋಟಿಸಲಾಯಿತು. ಮುಂದಿನ ತಿಂಗಳುಗಳಲ್ಲಿ ಆ ಕಡೆಯ ದಡಕ್ಕೆ ಬಿದ್ದ ಪೋರ್ಪಸ್‌ಗಳಲ್ಲಿ 24ನ್ನು ಪರೀಕ್ಷಿಸಿದಾಗ 8ರಲ್ಲಿ ಸ್ಫೋಟದ ಗಾಯಗಳು ಕಂಡವು: ಕಿವಿಯ ಎಲುಬು ಸ್ಥಾನ ತಪ್ಪಿತ್ತು, ದವಡೆಯ ಕೊಬ್ಬಿನಲ್ಲಿ ರಕ್ತ ಕಟ್ಟಿತ್ತು. ಕಿವಿಯ ಸುತ್ತ ಹುಳು ನೋಡಿದ ಕೂಡಲೇ ‘ಹುಳುವಿನಿಂದ ಸತ್ತಿತು’ ಎಂದು ಬರೆದು ತಲೆಯನ್ನು ಪಕ್ಕಕ್ಕಿಟ್ಟರೆ ಮನುಷ್ಯ ಮಾಡಿದ ಇಂಥ ಗಾಯ ಕಾಗದಕ್ಕೇ ಬರುವುದಿಲ್ಲ. ನಾನು ಈ ವಿಷಯದಲ್ಲಿ ಹಟ ಹಿಡಿಯುವುದು ಇದಕ್ಕಾಗಿಯೇ.

ಗದ್ದೆಹಾದಿ:

ಬದುಕಿರುವಂತೆ ಸಿಕ್ಕ ಪ್ರಾಣಿಗೆ ಜಂತುಹುಳು ಔಷಧಿ ಕೊಡುತ್ತೀರಾ?

ಉತ್ತರಕಡಲು:

ಆರೈಕೆ ಕೇಂದ್ರಗಳಲ್ಲಿ ಕೊಡುತ್ತಾರೆ, ಬಹಳ ಎಚ್ಚರಿಕೆಯಿಂದ. ಒಂದೇ ಸಲಕ್ಕೆ ಎಲ್ಲ ಹುಳುಗಳೂ ಸತ್ತರೆ ಸತ್ತ ಹುಳುಗಳೇ ಶ್ವಾಸನಾಳವನ್ನು ಮುಚ್ಚಿಬಿಡಬಹುದು, ಅವು ಕೊಳೆಯುವಾಗ ಉರಿಯೂತ ಹೆಚ್ಚಬಹುದು. ಕಡಲಿನಲ್ಲಿ ಈಜುವ ಪ್ರಾಣಿಗಳಿಗೆ ಔಷಧಿ ಕೊಡುವ ಮಾತೇ ಇಲ್ಲ. ಕೊಡಬೇಕೆಂದು ನನಗೆ ಅನ್ನಿಸುವುದೂ ಇಲ್ಲ, ಏಕೆಂದರೆ ಹುಳು ಈ ಕಡಲಿನಲ್ಲಿ ಪೋರ್ಪಸ್‌ನಷ್ಟೇ ಹಳೆಯ ನಿವಾಸಿ. ಬದಲಿಸಬಹುದಾದದ್ದು ಬಲೆ, ಸದ್ದು, ವಿಷ.

ಹೊನ್ನಾವರದ_ದೋಣಿ:

ನಮ್ಮಲ್ಲಿ ಸತ್ತು ಬೀಳುವ ಪೋರ್ಪಸ್‌ಗಳನ್ನೂ ಹೀಗೆ ಪರೀಕ್ಷಿಸಬಹುದಲ್ಲವೇ? ಅದಕ್ಕೆ ನಾವು ದಡದಲ್ಲಿರುವವರು ಏನು ಮಾಡಬೇಕು?

ಉತ್ತರಕಡಲು:

ಖಂಡಿತ ಪರೀಕ್ಷಿಸಬಹುದು. ಹಾಂಗ್‌ಕಾಂಗ್‌ನ ಕಡಲಿನಲ್ಲಿರುವ ರೆಕ್ಕೆಯಿಲ್ಲದ ಪೋರ್ಪಸ್‌ಗಳ ಶ್ವಾಸಕೋಶದಲ್ಲಿ ಹ್ಯಾಲೊಸರ್ಕಸ್ ಹುಳುಗಳು ಸಿಕ್ಕಿವೆ. ಅದು ನಿಮ್ಮ ಬಲೆಗೆ ಬೀಳುವ ಜಾತಿಯೇ. ನಮ್ಮ ಕರಾವಳಿಯ ದೊಡ್ಡ ಕಷ್ಟ ಬಿಸಿಲು. ಇಲ್ಲಿ ಚಳಿಗಾಲದಲ್ಲಿ ಶವ ಹಲವು ದಿನ ಪರೀಕ್ಷೆಗೆ ಯೋಗ್ಯವಾಗಿ ಉಳಿಯುತ್ತದೆ, ಅಲ್ಲಿ ಒಂದು ಹಗಲಿನಲ್ಲಿ ಒಳಗಿನ ಅಂಗಗಳು ಕರಗಲಾರಂಭಿಸುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ನೀವು ಅದನ್ನು ಕೊಯ್ಯುವಂತಿಲ್ಲ, ಸಾಗಿಸುವಂತಿಲ್ಲ. ಆದರೆ ನೋಡಿದ ಕೂಡಲೇ ಅರಣ್ಯ ಇಲಾಖೆಗೆ ಕರೆ ಮಾಡಿ, ಹೂಳುವ ಮೊದಲು ಪಶುವೈದ್ಯರು ಬರಲಿ ಎಂದು ಕೇಳಬಹುದು. ಅವರು ಬರುವವರೆಗೆ ಒದ್ದೆ ಗೋಣಿ ಹೊದಿಸಿ ನೆರಳು ಮಾಡಬಹುದು. ಮೈಯ ಎರಡೂ ಬದಿ, ಬಾಯಿ, ರೆಕ್ಕೆಯ ಬುಡದಲ್ಲಿ ಬಲೆಯ ಗೆರೆಗಳಿದ್ದರೆ ಅವನ್ನು, ಪಕ್ಕದಲ್ಲಿ ಅಳತೆಗೊಂದು ಕೋಲಿಟ್ಟು ಚಿತ್ರ ತೆಗೆಯಬಹುದು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ.

ಉತ್ತರಕಡಲು:

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ಆ ಎಳೆಯ ಗಂಡಿನ ಪ್ರಯೋಗಾಲಯ ವರದಿ ಬಂದಿದೆ. ಶ್ವಾಸಕೋಶದ ತೆಳುಪದರಗಳಲ್ಲಿ ಹುಳುಗಳ ಸುತ್ತ ಕೀವು ತುಂಬಿದ ನ್ಯುಮೋನಿಯ ಕಂಡಿದೆ. ಶ್ವಾಸಕೋಶದಲ್ಲಿ ಬೆಳೆದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವೇ ಗುಲ್ಮದಲ್ಲಿಯೂ ಮೆದುಳಿನಲ್ಲಿಯೂ ಬೆಳೆದಿದೆ. ಅಂದರೆ ಹುಳು ಕೊರೆದ ಗಾಯದಿಂದ ಹೊಕ್ಕ ಸೋಂಕು ರಕ್ತಕ್ಕೆ ಸೇರಿದೆ ಎಂದು ನನ್ನ ಓದು. ಕಿವಿಯ ಎಲುಬುಗಳು ಸ್ವಸ್ಥಾನದಲ್ಲಿದ್ದವು, ರಕ್ತ ಕಟ್ಟಿರಲಿಲ್ಲ, ಮೈಮೇಲೆ ಬಲೆಯ ಗುರುತಿಲ್ಲ. ಕೊಬ್ಬಿನ ಪದರ 9 ಮಿಲಿಮೀಟರ್, ಹೊಟ್ಟೆಯಲ್ಲಿ ಮೀನಿನ ಒಂದು ಮುಳ್ಳೂ ಇರಲಿಲ್ಲ.

ಮರಣಕಾರಣದ ಅಂಕಣದಲ್ಲಿ ‘ಬ್ಯಾಕ್ಟೀರಿಯಾ ನ್ಯುಮೋನಿಯ ಮತ್ತು ರಕ್ತಕ್ಕೆ ಹರಡಿದ ಸೋಂಕು’ ಎಂದು ಬರೆದೆ. ಅದರ ಕೆಳಗಿನ ಸಾಲಿನಲ್ಲಿ ‘ಪೂರಕ ಕಾರಣ: ತೀವ್ರ ಶ್ವಾಸಕೋಶದ ಹುಳುಬಾಧೆ, ನಿತ್ರಾಣ’ ಎಂದು ಸೇರಿಸಿದೆ. ಎರಡು ಸಾಲುಗಳನ್ನೂ ನನ್ನ ಹಿರಿಯ ಸಹೋದ್ಯೋಗಿ ಓದಿ, ತಿದ್ದದೆ ಸಹಿ ಹಾಕಿದರು. ಕೊಬ್ಬಿನ ತುಂಡು ಪಿಸಿಬಿ ಪರೀಕ್ಷೆಗೆ ಹೋಗಿದೆ. ಆ ಫಲಿತಾಂಶಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹುಳುಗಳು ಜಾತಿವಾರು ಆಲ್ಕೊಹಾಲ್ ಸೀಸೆಗಳಲ್ಲಿವೆ. ವಯಸ್ಸು ತಿಳಿಯಲು ಕೆಳದವಡೆಯಿಂದ ತೆಗೆದಿಟ್ಟ ಐದು ಹಲ್ಲುಗಳನ್ನು ಮುಂದಿನ ವಾರ ಕೊಯ್ದು ಪದರ ಎಣಿಸಬೇಕಾಗಿದೆ.